ಖಾಜಾಸಾಬರ ಅಂಗಡಿಯ ಮುಂದೆ ಕೂತು ಕಲಿತದ್ದು

ಯಾದಗಿರಿಯಲ್ಲಿ ನಮ್ಮ ಸಂಸ್ಥೆಯ ಕಚೇರಿ ಮೊದಲನೆಯ ಮಹಡಿಯಲ್ಲಿತ್ತು. ಕೆಳಗೆ ಗೊಬ್ಬರದ ಅಂಗಡಿ, ಪಕ್ಕದಲ್ಲಿ ಇಕ್ಕಟ್ಟಾದ ಮೆಟ್ಟಿಲು, ಮೇಲೆ ನಾವು. ಸಂಸ್ಥೆ ಇದ್ದದ್ದು ಅಂಗವಿಕಲರಿಗಾಗಿ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಲು ನನಗೆ ನಾಲ್ಕು ವರ್ಷ ಹಿಡಿಯಿತು. ಅದೂ ನಾನಾಗಿ ನೋಡಿದ್ದಲ್ಲ, ಶಹಾಪುರದ ಭೀಮಬಾಯಿ ತೋರಿಸಿಕೊಟ್ಟದ್ದು.

ನಾನು ಅಲ್ಲಿ ಕ್ಷೇತ್ರ ಸಂಯೋಜಕಿಯಾಗಿದ್ದೆ. ಯಾದಗಿರಿ, ಶಹಾಪುರ, ಸುರಪುರದ ಊರುಗಳನ್ನು ಸುತ್ತುವುದು, ಅಲ್ಲಲ್ಲಿ ಅಂಗವಿಕಲರೇ ಕಟ್ಟಿಕೊಂಡ ಸಂಘಗಳ ಜೊತೆ ಸೇರಿ ಕೆಲಸ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಹೊಸದಾಗಿ ಇಂಥ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಬಂದು ಮಾತಾಡಿಸುತ್ತಾರೆ. ‘ಸಹಭಾಗಿತ್ವ’ ಎಂಬ ಮಾತನ್ನು ತರಬೇತಿಯಲ್ಲಿ ಕಲಿತು ಬಂದಿರುತ್ತಾರೆ. ಒಳ್ಳೆಯ ಮಾತೇ. ಆದರೆ ಅದು ಊರೊಳಗೆ ಇಳಿದಾಗ ಎಷ್ಟು ಸಲ ಎಡವುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. ನಾನು ಎಡವಿದ್ದನ್ನು ಹೇಳುತ್ತೇನೆ.

ಪ್ರತಿ ತಿಂಗಳು ಸಂಘಗಳ ಮುಖಂಡರನ್ನು ಯಾದಗಿರಿಗೆ ಸಭೆಗೆ ಕರೆಯುತ್ತಿದ್ದೆವು. ಹೊಸದಾಗಿ ಸೇರಿದ್ದ ಶಹಾಪುರದ ಸಂಘದವರು ಸತತ ಮೂರು ಸಭೆಗೆ ಬರಲಿಲ್ಲ. ನಾನು ಪುಸ್ತಕದಲ್ಲಿ ‘ಗೈರು’ ಎಂದು ಬರೆದು, ನಾಲ್ಕನೆಯ ಸಭೆಗೂ ಬಾರದಿದ್ದರೆ ನಿಮ್ಮ ಸಂಘವನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತದೆ ಎಂದು ಬಿಗಿಯಾದ ಪತ್ರ ಹಾಕಿದೆ. ವಾರದಲ್ಲಿ ಉತ್ತರ ಬಂತು. ದುಂಡನೆಯ ಅಕ್ಷರ, ಮೂರೇ ಸಾಲು:

‘ಮೂರು ಸಭೆಗೂ ಬಂದಿದ್ದೆವು. ಮೂರು ಸಲವೂ ಗೊಬ್ಬರದ ಅಂಗಡಿಯ ಮುಂದೆ ಕೂತಿದ್ದೆವು. ಮೇಲಿನಿಂದ ಯಾರೂ ಇಳಿದು ಬರಲಿಲ್ಲ. ಇತಿ, ಭೀಮಬಾಯಿ.’

ಓದಿ ಮುಗಿಸಿದ ಮೇಲೆ ಆ ಕಾಗದವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಮಾರನೆಯ ದಿನ ಮೊದಲ ಬಸ್ಸು ಹಿಡಿದು ಶಹಾಪುರಕ್ಕೆ ಹೋದೆ.

ಭೀಮಬಾಯಿ ಊರಂಚಿನಲ್ಲಿ ಒಂದು ಸಣ್ಣ ಕೋಣೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡೂ ಕಾಲು ಸೊರಗಿದ್ದವು. ಹೊಲಿಗೆ ಯಂತ್ರವನ್ನು ಬಲಗೈಯಿಂದ ತಿರುಗಿಸುತ್ತ, ಎಡಗೈಯಿಂದ ಬಟ್ಟೆ ಸರಿಸುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಬಾಗಿಲಲ್ಲಿ ಕೂತು ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಕೈಗಾಡಿ. ನನ್ನನ್ನು ನೋಡಿ ಯಂತ್ರ ನಿಲ್ಲಿಸಿದಳು.

“ಜೈ ಭೀಮ್ ಅಕ್ಕಾರ. ಬರ್ರಿ, ಕುಂದರ್ರಿ. ನಮ್ಮ ಮನಿಗಿ ಮೆಟ್ಟಲ ಇಲ್ರಿ.”

“ಯಾರನ್ನಾದರೂ ಕೂಗಿದ್ದರೆ ಎತ್ತಿಕೊಂಡು ಬರುತ್ತಿದ್ದರಲ್ಲ” ಎಂದು ನಾನು ಅಂದೆ. ಕ್ಷಮೆ ಕೇಳಲು ಹೋದವಳ ಬಾಯಲ್ಲಿ ಇಂಥ ಮಾತು ಬಂತು.

“ಗೊಬ್ಬರದ ಚೀಲ ಎತ್ತಂಗ ಎತ್ತಿ ಒಯ್ತಿದ್ರು. ನಾ ಸಭಾಕ್ಕ ಬಂದಿದ್ದೆ ಅಕ್ಕಾರ, ಚೀಲ ಆಗಾಕ ಬಂದಿದ್ದಿಲ್ಲ.”

ಮುಂದಿನ ತಿಂಗಳಿಂದ ಸಭೆಗಳು ಶಹಾಪುರದ ಸಮುದಾಯ ಭವನದ ನೆಲದ ಮೇಲೆ ನಡೆದವು. ಇಷ್ಟು ಸುಲಭದ ಕೆಲಸ ನಾಲ್ಕು ವರ್ಷ ನಮಗೆ ಹೊಳೆದಿರಲಿಲ್ಲ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದೇ: ಬಾರದವರನ್ನು ‘ಗೈರು’ ಎಂದು ಬರೆಯುವ ಮುಂಚೆ ಕೆಳಗಿಳಿದು ಒಮ್ಮೆ ನೋಡಿ ಬನ್ನಿ.

ಆ ಕಾಲಕ್ಕೆ ನಮ್ಮ ದೊಡ್ಡ ಕೆಲಸವೆಂದರೆ ಕೈಗಾಡಿ ಮತ್ತು ಗಾಲಿಕುರ್ಚಿ ಹಂಚುವುದು. ಶಾಮಿಯಾನಾ, ಹಾರ, ಭಾಷಣ, ಫೋಟೋ. ದೂರದ ಕಾರ್ಖಾನೆಯಿಂದ ಲಾರಿಯಲ್ಲಿ ಬರುತ್ತಿದ್ದ ಗಾಡಿಗಳೆಲ್ಲ ಒಂದೇ ಅಳತೆಯವು. ಹಂಚಿದ ಮೇಲೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಒಂದು ಸಭೆಯಲ್ಲಿ ಭೀಮಬಾಯಿ ಕೇಳಿದಳು: “ಅಕ್ಕಾರ, ಹೋದ ವರ್ಷ ಕೊಟ್ಟ ಗಾಡಿ ಈಗ ಎಷ್ಟ ತಿರಗಾಕತ್ಯಾವ, ನಿಮಗ ಗೊತ್ತದ ಏನ್ರಿ?”

ನನಗೆ ಗೊತ್ತಿರಲಿಲ್ಲ. “ನಾಳೆ ನನ್ನ ಕೂಡ ಬರ್ರಿ” ಎಂದಳು.

ನಾವಿಬ್ಬರೂ ಟಂಟಂ ಆಟೋದಲ್ಲಿ ಸುರಪುರದ ಕಡೆಯ ಒಂದು ಹಳ್ಳಿಗೆ ಹೋದೆವು. ಅಲ್ಲಿ ಯಲ್ಲಪ್ಪನ ಮನೆ. ಯಲ್ಲಪ್ಪ ನಮ್ಮ ವಾರ್ಷಿಕ ವರದಿಯ ಮುಖಪುಟದ ಮೇಲಿದ್ದವನು. ಹೊಸ ಕೈಗಾಡಿಯ ಮೇಲೆ ಕೂತು ಬಾಯ್ತುಂಬ ನಗುತ್ತಿದ್ದ ಆ ಚಿತ್ರ ನಮ್ಮ ಕಚೇರಿಯ ಗೋಡೆಯ ಮೇಲೂ ಇತ್ತು. ಈಗ ಅವನು ಹೊಸ್ತಿಲ ಮೇಲೆ ಕೂತಿದ್ದ. ಗಾಡಿ ಸೂರಿನ ಕೆಳಗೆ ಒಂದು ಕಡೆ ವಾಲಿಕೊಂಡು ನಿಂತಿತ್ತು. ಅದರ ಸೀಟಿನ ಮೇಲೆ ಕೋಳಿಯೊಂದು ರೆಕ್ಕೆ ಹರಡಿ ಕೂತಿತ್ತು. ನಾನು ಹತ್ತಿರ ಹೋಗಿ ಅದನ್ನು ಓಡಿಸಲು ಕೈ ಎತ್ತಿದೆ.

“ಬ್ಯಾಡ್ರಿ, ಎಬ್ಬಸಬ್ಯಾಡ್ರಿ!” ಯಲ್ಲಪ್ಪ ಕೂಗಿದ. “ಕಾವಿಗಿ ಕುಂತದ.”

ಭೀಮಬಾಯಿ ನಕ್ಕಳು. ನನಗೆ ನಗು ಬರಲಿಲ್ಲ. ಏನಾಯಿತು ಎಂದು ಕೇಳಿದೆ.

“ಗಾಡಿ ಛಲೋ ಇತ್ರಿ. ಎಂಟ ತಿಂಗಳ ಸುರಪುರದ ಬಸ್‌ಸ್ಟ್ಯಾಂಡಿನ್ಯಾಗ ಶೇಂಗಾ ಮಾರೀನಿ. ಡ್ರೈವರ್, ಕಂಡಕ್ಟರ್ ಎಲ್ಲಾರೂ ನನ್ನ ಹೆಸರ ಹಿಡದು ಕರೀತಿದ್ರು. ಮಳಿಗಾಲದಾಗ ಎಕ್ಸಲ್ ಮುರೀತು. ನಿಮ್ಮ ಆಫೀಸಿಗಿ ಫೋನ್ ಮಾಡಿದ್ರ ಫಾರ್ಮ್ ತುಂಬಂದ್ರು. ತುಂಬೀನ್ರಿ. ಮತ್ತ ಯಾರೂ ಬರ್ಲಿಲ್ಲ.”

ಅವನಿಗೆ ಫಾರ್ಮ್ ತುಂಬಲು ಹೇಳಿದವಳು ನಾನೇ ಇರಬೇಕು. ಆ ಫೋನು ನನ್ನ ಮೇಜಿನ ಮೇಲೆಯೇ ಇರುತ್ತಿತ್ತು. ಯಲ್ಲಪ್ಪ ಬೈಯಲಿಲ್ಲ, ದೂರಲಿಲ್ಲ. ನಾವು ಬಂದದ್ದಕ್ಕೆ ಚಹಾ ಮಾಡಿಸಿದ. ಕೋಳಿಯನ್ನು ಮೊಟ್ಟೆಗಳ ಸಮೇತ ಮೆಲ್ಲಗೆ ಬುಟ್ಟಿಗೆ ಸಾಗಿಸಿ, ಗಾಡಿಯನ್ನು ಟಂಟಂನ ಮೇಲೆ ಹಗ್ಗದಿಂದ ಬಿಗಿದು ಶಹಾಪುರಕ್ಕೆ ತಂದೆವು. ಎಲ್ಲಿಗೆ ಒಯ್ಯಬೇಕೆಂದು ನನಗೆ ತಿಳಿದಿರಲಿಲ್ಲ. ಭೀಮಬಾಯಿಗೆ ತಿಳಿದಿತ್ತು.

ಅವಳು ಒಯ್ದದ್ದು ಖಾಜಾಸಾಬರ ಅಂಗಡಿಗೆ. ಹಳೆಯ ರಸ್ತೆಯಲ್ಲಿ ಸೈಕಲ್ ರಿಪೇರಿ, ವೆಲ್ಡಿಂಗ್, ಪಂಪು ರಿಪೇರಿಯ ಅಂಗಡಿಗಳು ಸಾಲಾಗಿ ಇದ್ದವು. ಖಾಜಾಸಾಬರದು ಬೇವಿನ ಮರದ ಪಕ್ಕದ್ದು. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಗಾಡಿಯನ್ನು ತಲೆಕೆಳಗು ಮಾಡಿ, ಗಾಲಿ ತಿರುಗಿಸಿ, ಬೆರಳಿನಿಂದ ಒಣಗಿದ ಮಣ್ಣು ಕೆರೆದು ತೆಗೆದರು.

“ಇದನ್ನ ಮಾಡಿದಾಂವ ಎರಿ ಹೊಲಾ ನೋಡೇ ಇಲ್ರಿ. ಎರಿ ಮಣ್ಣ ಈ ಮಡ್‌ಗಾರ್ಡಿನ್ಯಾಗ ಸಿಕ್ಕೊಂಡ್ರ ಗಾಲಿ ತಿರಗಂಗಿಲ್ಲ. ತಿರಗ್ಲಿಲ್ಲಂದ್ರ ಕುಂತಾಂವ ಜೋರ ಮಾಡ್ತಾನ. ಜೋರ ಮಾಡಿದ್ರ ಎಕ್ಸಲ್ ಹೋತು. ಕುಂತಾಂವಂದೇನ ಕಸೂರ್ ಇಲ್ಲ.”

ಮಡ್‌ಗಾರ್ಡ್ ಕತ್ತರಿಸಿ ಎತ್ತರಿಸಿದರು. ಹಳೆಯ ಮೊಪೆಡ್ಡಿನ ಗಟ್ಟಿ ಎಕ್ಸಲ್ ಕೂಡಿಸಿದರು. ನಾಲ್ಕನೆಯ ದಿನ ಯಲ್ಲಪ್ಪ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿದ್ದ. ಅದಾದ ಮೇಲೆ ಮೂರೂ ತಾಲ್ಲೂಕುಗಳಿಂದ ಮುರಿದ ಗಾಡಿಗಳು ಹೊರಬಂದವು. ಒಂದು ಮನೆಯಲ್ಲಿ ಗಾಡಿ ಜೋಳದ ಚೀಲ ಹೊತ್ತು ನಿಂತಿತ್ತು, ಇನ್ನೊಂದರಲ್ಲಿ ಕರು ಕಟ್ಟುವ ಗೂಟವಾಗಿತ್ತು. ಹುಣಸಗಿಯ ಬಸ್ಸಿನ ಮೇಲೆ ಕಂಡಕ್ಟರುಗಳೇ ಹೇರಿ ಕಳಿಸುತ್ತಿದ್ದರು. ಖಾಜಾಸಾಬರು ಒಂದೊಂದನ್ನೂ ಕೂರುವವರ ಮೈಗೆ ತಕ್ಕಂತೆ ತಿದ್ದಿ ಕಳಿಸುತ್ತಿದ್ದರು. ಕೆಲಸ ತಾನಾಗಿ ನಡೆಯುತ್ತಿತ್ತು. ಅದನ್ನು ಕೆಡಿಸಿದವರು ನಾವು.

ನಮ್ಮ ನಿರ್ದೇಶಕರು ಶ್ರೀನಿವಾಸ ಸರ್ ಕಲಬುರಗಿಯ ಮುಖ್ಯ ಕಚೇರಿಯಲ್ಲಿದ್ದರು. ಒಳ್ಳೆಯವರು. ಸಿಬ್ಬಂದಿಯ ಮಕ್ಕಳ ಹೆಸರು, ಓದುವ ತರಗತಿ ಎಲ್ಲ ಅವರಿಗೆ ನೆನಪಿರುತ್ತಿತ್ತು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ದಿನವೂ ಬುತ್ತಿ ಕಳಿಸಿದವರು. ಆದರೆ ಕಾಗದದ ಮೇಲೆ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದ್ದರು. ಖಾಜಾಸಾಬರ ವಿಷಯ ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಒಂದು ಬೆಳಿಗ್ಗೆ ಜೀಪಿನಲ್ಲಿ ಶಹಾಪುರಕ್ಕೆ ಬಂದೇಬಿಟ್ಟರು. ಕೈಯಲ್ಲಿ ಹನ್ನೊಂದು ಪುಟದ ಇಂಗ್ಲಿಷ್ ಒಪ್ಪಂದ, ಸಂಸ್ಥೆಯ ಹೆಸರಿದ್ದ ಎರಡು ಟೀಶರ್ಟು, ಅಂಗಡಿಯ ಹಣೆಗೆ ಹೊಡೆಯಲು ಒಂದು ದೊಡ್ಡ ಬೋರ್ಡು.

“ನಿಮ್ಮ ಹತ್ತಿರ ತರಬೇತಿ ಪ್ರಮಾಣಪತ್ರ ಏನಾದರೂ ಇದೆಯಾ?” ಸರ್ ಕೇಳಿದರು.

“ನಮ್ಮ ಅಬ್ಬಾ ಕಲಿಸ್ಯಾರ್ರಿ” ಎಂದು ಖಾಜಾಸಾಬರು ತಮ್ಮ ತಂದೆಯನ್ನು ನೆನೆದರು. “ಅವ್ರ ಸರ್ಟಿಫಿಕೇಟ್ ಕೊಡ್ತಿದ್ದಿಲ್ಲ, ಕಪಾಳಕ್ಕ ಕೊಡ್ತಿದ್ರು.”

ಸುತ್ತ ನಿಂತವರು ನಕ್ಕರು. ಸರ್ ಕೂಡ ನಕ್ಕರು. ಆಮೇಲೆ ಬೋರ್ಡಿನ ಮಾತು ಬಂತು. ಅಂಗಡಿಯ ಮೇಲೆ ಮಾಸಿದ ತಗಡಿನ ಫಲಕವೊಂದಿತ್ತು. ಅದರ ಮೇಲೆಯೇ ನಮ್ಮದನ್ನು ಹೊಡೆದರೆ ಸರಿಹೋಗುತ್ತದೆ ಎಂದರು ಸರ್. ಖಾಜಾಸಾಬರ ಮುಖ ಬಿಗಿಯಿತು.

“ಅದು ಅಬ್ಬಾನ ಹೆಸರ ಅದರಿ. ಅವ್ರ ಕೈಯಿಂದನ ಬರದದ್ದು. ಅದರ ಮ್ಯಾಲ ನಿಮ್ಮದು ಹ್ಯಾಂಗ ಹೊಡೀಲಿ? ನಾ ನಿಮ್ಮ ನೌಕರ ಅಲ್ರಿ ಸಾಹೇಬ್ರ. ಭೀಮಬಾಯಿ ಹೇಳಿದ್ಳು, ಮಾಡೀನಿ.”

ಷಟರ್ ಎಳೆದು, ಸೈಕಲ್ ಹತ್ತಿ ಹೊರಟುಹೋದರು. ಸರ್ ಏನು ತಪ್ಪಾಯಿತೆಂದು ತಿಳಿಯದೆ ನನ್ನ ಮುಖ ನೋಡಿದರು. ನನಗೆ ತಪ್ಪು ತಿಳಿದಿತ್ತು. ಆದರೂ ಬಾಯಿ ಬಿಟ್ಟಿರಲಿಲ್ಲ. ಅಷ್ಟೂ ಹೊತ್ತು ಆ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತವಳು ನಾನೇ.

ಆಮೇಲೆ ಕೆಲವು ವಾರ ಒಂದು ಗಾಡಿಯೂ ದುರಸ್ತಿಯಾಗಲಿಲ್ಲ. ಬೇರೆ ಅಂಗಡಿಯವರೂ ಮುಟ್ಟಲಿಲ್ಲ. “ಖಾಜಾಭಾಯ್‌ನ ಕೆಲಸ ಅದು” ಎಂದು ಕೈ ಬಿಟ್ಟರು. ನಾನು ಭೀಮಬಾಯಿಯ ಬಳಿ ಹೋಗಿ, ನೀನೇ ಒಂದು ಮಾತು ಹೇಳಿ ಒಪ್ಪಿಸು ಎಂದು ಬೇಡಿಕೊಂಡೆ.

“ತಪ್ಪ ಮಾಡಿದವ್ರು ನೀವು, ನನ್ನ ಯಾಕ ಕಳಸ್ತೀರಿ?” ಎಂದಳು. “ಹೋಗಿ ಅವ್ರ ಅಂಗಡಿ ಮುಂದ ಕುಂದರ್ರಿ. ಭಾಷಣ ಮಾಡಬ್ಯಾಡ್ರಿ. ಬರೇ ಕುಂದರ್ರಿ.”

ಹೋಗಿ ಕೂತೆ. ಬೆಳಿಗ್ಗೆ ಅಂಗಡಿ ತೆರೆದಾಗ ಖಾಜಾಸಾಬರು ನನ್ನನ್ನು ನೋಡಿ ಒಂದು ಸ್ಟೂಲು ಮುಂದೆ ತಳ್ಳಿದರು. ಕೂತು ನೋಡುತ್ತಾ ಹೋದಂತೆ ನನಗೊಂದು ಸಂಗತಿ ಹೊಳೆಯಿತು. ಒಂದು ಅಂಗಡಿಯ ನಟ್ಟು ಬಿಗಿಯುವ ಪಾನ ಇನ್ನೊಂದು ಅಂಗಡಿಯಲ್ಲಿರುತ್ತಿತ್ತು. ಔಷಧ ಹೊಡೆಯುವ ಪಂಪು ತಂದ ಹೆಂಗಸಿಗೆ ಖಾಜಾಸಾಬರು, “ಇದು ನನಕಿಂತ ಬಾಜೂದವ ಛಲೋ ಮಾಡ್ತಾನವ್ವಾ, ಅಲ್ಲಿಗಿ ಹೋಗು” ಎಂದು ಕಳಿಸಿದರು. ಎದುರಿನವನಿಗೆ ಜ್ವರ ಬಂದಿದ್ದರಿಂದ ಅವನ ಗಿರಾಕಿಗಳ ಕೆಲಸವನ್ನು ಮೂವರು ಹಂಚಿಕೊಂಡು ಮಾಡುತ್ತಿದ್ದರು. ನಾವು ಹನ್ನೊಂದು ಪುಟದಲ್ಲಿ ಕಟ್ಟಲು ಹೊರಟಿದ್ದು ಆ ಬೀದಿಯಲ್ಲಿ ಆಗಲೇ ಇತ್ತು. ನಾವು ಅದರೊಳಗೆ ಹೋಗುವುದು ಬಿಟ್ಟು ಅದರ ಮೇಲೆ ಬೋರ್ಡು ಹೊಡೆಯಲು ಹೋಗಿದ್ದೆವು.

ಮಧ್ಯಾಹ್ನ ಖಾಜಾಸಾಬರು ಕೈ ತೊಳೆದುಕೊಂಡು ಆ ದಿನ ಮೊದಲ ಬಾರಿಗೆ ನನ್ನನ್ನು ಮಾತಾಡಿಸಿದರು. “ಅಕ್ಕಾರ, ಜರಾ ಅಂಗಡಿ ನೋಡ್ಕೋರಿ. ನಮಾಜ್ ಮುಗಿಸಿ ಬರ್ತೀನಿ. ಯಾರರ ಬಂದ್ರ, ರಿಪೇರಿ ಆದದ್ದು ಎಡಕ್ಕ ಅದಾವ, ಕೊಟ್ಟ ಕಳಸ್ರಿ.”

ನನಗೆ ಹಿಗ್ಗು. ಅಷ್ಟರಲ್ಲಿ ಹಾಲು ಮಾರುವವನೊಬ್ಬ ಬಂದು “ನನ್ನ ಸೈಕಲ್ ಆಗ್ಯಾದೇನ್ರಿ, ಕರೇದು?” ಎಂದ. ಎಡಕ್ಕೆ ಕರಿಯ ಸೈಕಲ್ ಒಂದಿತ್ತು. ಕೊಟ್ಟೆ. ಅವನು ಗಡಿಬಿಡಿಯಲ್ಲಿ ಕ್ಯಾನು ಕಟ್ಟಿಕೊಂಡು ಹೊರಟ. ಖಾಜಾಸಾಬರು ಮರಳಿದ ಹೊತ್ತಿಗೆ ಕನ್ನಡಶಾಲೆಯ ಮಾಸ್ತರರು ತಮ್ಮ ಸೈಕಲ್ ಒಯ್ಯಲು ಬಂದು ನಿಂತಿದ್ದರು. ಹಾಲಿನವನ ಪಂಕ್ಚರ್ ಆದ ಕರಿಯ ಸೈಕಲ್ ಬಲಗಡೆ ಹಾಗೇ ಇತ್ತು.

ಖಾಜಾಸಾಬರು ಎರಡೂ ಕಡೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ನಿಮ್ಮ ಸಾಹೇಬ್ರು ನನಗ ಸರ್ಟಿಫಿಕೇಟ್ ಕೇಳಿದ್ರು. ನಾ ನಿಮಗ ಕೇಳಬೇಕಿತ್ತ ನೋಡ್ರಿ!”

ಮಾಸ್ತರರೂ ನಕ್ಕರು. ಹಾಲಿನವನನ್ನು ಹುಡುಕುತ್ತ ನಾನೂ ಖಾಜಾಸಾಬರೂ ಎರಡು ಓಣಿ ತಿರುಗಿದೆವು. ನಡೆಯುತ್ತ ನಾನು, “ಅವತ್ತು ನಾನು ಬೋರ್ಡು ಹಿಡಿದು ಸುಮ್ಮನೆ ನಿಂತದ್ದು ತಪ್ಪಾಯಿತು” ಎಂದೆ.

“ಗೊತ್ತದ್ರಿ” ಎಂದರು. “ಇಲ್ಲಂದ್ರ ಅಂಗಡಿ ಬಿಟ್ಟ ಹೋಗ್ತಿದ್ದೆ ಏನು, ನಿಮ್ಮ ಕೈಯಾಗ?”

ಸಂಜೆ ಭೀಮಬಾಯಿಯೂ ಬಂದಳು. ಮೂವರೂ ಕೂತು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದೆವು. ಯಾರ ಗಾಡಿ ಮೊದಲು ಎಂಬುದನ್ನು ಸಂಘ ಹೇಳುತ್ತದೆ. ಹ್ಯಾಗೆ ಮಾಡಬೇಕೆಂಬುದನ್ನು ಖಾಜಾಸಾಬರು ಹೇಳುತ್ತಾರೆ. ಬೇಕಾದ ಸಾಮಾನು ಸಂಸ್ಥೆ ತರುತ್ತದೆ. ಹೊಸ ಗಾಡಿ ತರಿಸುವ ಮುನ್ನ ಇಬ್ಬರನ್ನೂ ಕೇಳಬೇಕು. ಆ ಪುಟ ಹಿಡಿದು ನಾನು ಕಲಬುರಗಿಗೆ ಹೋದೆ. ಶ್ರೀನಿವಾಸ ಸರ್ ಎರಡು ಸಲ ಓದಿದರು.

“ನಮ್ಮ ಹೆಸರು ಮೂರನೆಯದಾಗಿದೆಯಲ್ಲ?”

“ಕೆಲಸ ನಡೆಯುವ ಕ್ರಮದಲ್ಲಿ ಬರೆದದ್ದು ಸರ್.”

ಪುಟವನ್ನು ಮೇಜಿನ ಮೇಲೆ ಬಿಡಿಸಿಟ್ಟು ಪೆನ್ನು ತೆಗೆದರು. ಆಮೇಲೆ ಸಹಿ ಹಾಕಿದರು. ತಾವು ಕಲಿತದ್ದನ್ನು ಬದಿಗಿಟ್ಟು ಸಹಿ ಹಾಕುವ ಮೇಲಧಿಕಾರಿ ಸಿಕ್ಕುವುದು ಭಾಗ್ಯ. ಅವರು ಸಿಕ್ಕಾಗ ಇದು ನನಗೆ ತಿಳಿಯಲಿಲ್ಲ, ಈಗ ತಿಳಿಯುತ್ತದೆ.

ಇದೆಲ್ಲ ಕಲಿತ ಮೇಲೂ ನಾನು ಜಾಣೆಯಾಗಲಿಲ್ಲ. ವಡಗೇರಾದಲ್ಲೂ ಇಂಥದ್ದೇ ಕೆಲಸ ಶುರುಮಾಡಲು ಹೋಗಿ, ಒಂದು ಯುವಕ ಸಂಘದ ಬಣ್ಣದ ಲೆಟರ್‌ಹೆಡ್ ನೋಡಿ ಮರುಳಾದೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಎಲ್ಲರ ಹೆಸರೂ ಅಚ್ಚಾಗಿತ್ತು. ಆರು ತಿಂಗಳ ಮೇಲೆ ತಿಳಿಯಿತು, ಅಷ್ಟೂ ಹೆಸರಿನವರು ಒಂದೇ ಮನೆಯವರು, ಅವರಲ್ಲಿ ಇಬ್ಬರು ಪುಣೆಯಲ್ಲಿದ್ದರು. ಭೀಮಬಾಯಿಗೆ ಹೇಳಿದರೆ, “ಅವರ ಊರಾಗ ಹೋಗಿ ಒಂದ ದಿನ ಕುಂತಿದ್ರೇನ್ರಿ?” ಎಂದಳು. ಕೂತಿರಲಿಲ್ಲ. ಅವಸರದಲ್ಲಿದ್ದೆ. ವಡಗೇರಾದ ಕೆಲಸ ಕೊನೆಗೂ ಕೈಗೂಡಲಿಲ್ಲ. ಆ ಕೊರಗು ಇನ್ನೂ ಇದೆ.

ಶಹಾಪುರದ ಕೆಲಸ ಹಲವು ವರ್ಷ ನಡೆಯಿತು. ನನ್ನ ನಿವೃತ್ತಿಗೆ ಒಂದು ವರ್ಷ ಇರುವಾಗ ಶ್ರೀನಿವಾಸ ಸರ್ ಫೋನು ಮಾಡಿದರು. ನಮಗೆ ನೆರವು ಕೊಡುತ್ತಿದ್ದವರು ಇನ್ನು ಬೇರೆ ರಾಜ್ಯದಲ್ಲಿ ಕೆಲಸ ಮಾಡಲು ತೀರ್ಮಾನಿಸಿದ್ದರು. ವರ್ಷದ ಕೊನೆಗೆ ಯಾದಗಿರಿಯ ಕಚೇರಿ ಮುಚ್ಚಬೇಕಿತ್ತು.

“ಕೊನೆಯ ತಿಂಗಳವರೆಗೆ ಯಾರಿಗೂ ಹೇಳಬೇಡಿ” ಎಂದರು. “ಈಗಲೇ ಹೇಳಿದರೆ ಜನ ಕೈ ಬಿಡುತ್ತಾರೆ. ಇರುವಷ್ಟು ದಿನವಾದರೂ ಕೆಲಸ ನಡೆಯಲಿ.”

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರ ಮಾತನ್ನು ನಾನು ಯಾವತ್ತೂ ಮೀರಿದವಳಲ್ಲ. ಆದರೆ ಸುದ್ದಿ ತಿಳಿದೂ ತಿಳಿಯದವಳಂತೆ ಭೀಮಬಾಯಿಯ ಎದುರು ಕೂತು ಮುಂದಿನ ವರ್ಷದ ಮಾತಾಡಲು ನನ್ನಿಂದಾಗುತ್ತಿರಲಿಲ್ಲ. ಮೂರನೆಯ ದಿನ ಶಹಾಪುರಕ್ಕೆ ಹೋಗಿ ಇಬ್ಬರಿಗೂ ಹೇಳಿಬಿಟ್ಟೆ.

ಖಾಜಾಸಾಬರು ಕೈಯಲ್ಲಿದ್ದ ಗಾಲಿಯನ್ನು ಕೆಳಗಿಟ್ಟರು. ಭೀಮಬಾಯಿ ನೇರವಾಗಿ ಕೇಳಿದಳು:

“ನಿಮಗ ಯಾವಾಗ ಗೊತ್ತಾತ್ರಿ?”

“ಮೂರು ದಿನ ಆಯಿತು.”

“ಮೂರ ದಿನದಾಗ ಹೇಳೀರಲ್ಲ” ಎಂದಳು. “ಹಂಗಾರ ಟೈಮ್ ಅದ. ಅಳೋದು ಆಮ್ಯಾಲ ಅಳಣ. ಖಾಜಾಭಾಯ್, ನಮ್ಮ ಸಂಘದ ಇಬ್ಬರಿಗಿ ಈ ಕೆಲಸ ಕಲಸ್ತೀರೇನು?”

ಕೈ ಬಿಡುತ್ತಾರೆ ಎಂದು ನಾವು ಹೆದರಿದವರು ಮರುದಿನದಿಂದ ದುಪ್ಪಟ್ಟು ಕೆಲಸ ಶುರುಮಾಡಿದರು. ಸಂಘದ ಇಬ್ಬರು ಹೆಣ್ಣುಮಕ್ಕಳು ಪಂಕ್ಚರ್, ಬ್ರೇಕು, ಗಾಲಿಯ ಕಡ್ಡಿ ಬಿಗಿಯುವುದು ಕಲಿತರು. ಯಲ್ಲಪ್ಪ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಲ್ಲೇ ಮುರಿದ ಗಾಡಿಗಳ ಸುದ್ದಿ ಹಿಡಿದು ಕಳಿಸತೊಡಗಿದ. ಇನ್ನು ಸರಿಯಾಗದಂಥ ಗಾಡಿಗಳನ್ನು ಊರೂರಿನಿಂದ ತಂದು ಬಿಡಿಭಾಗಕ್ಕೆಂದು ಬಿಚ್ಚಿಟ್ಟರು. ಅಂಗಡಿ ಸಾಲಿನವರು ತಮ್ಮ ಹಿಂದಿನ ಖಾಲಿ ಜಾಗಕ್ಕೆ ತಗಡು ಹೊದಿಸಿ ಕೊಟ್ಟರು.

ಸುದ್ದಿ ಕಲಬುರಗಿಗೆ ಮುಟ್ಟಿತು. ಶ್ರೀನಿವಾಸ ಸರ್ ಬಂದರು. ಜೀಪಿನಿಂದ ಇಳಿಯುವಾಗಲೇ ಮುಖ ಕೆಂಪಾಗಿತ್ತು.

“ನಾನು ಹೇಳಬೇಡಿ ಅಂದಿದ್ದೆ.”

“ಹೌದು ಸರ್, ಅಂದಿದ್ದಿರಿ” ಎಂದೆ.

ಅವರು ನನ್ನನ್ನು ದಾಟಿ ತಗಡಿನ ಶೆಡ್ಡಿನೊಳಗೆ ಹೋದರು. ಅಲ್ಲಿ ಸಂಘದ ಹುಡುಗಿಯೊಬ್ಬಳು ನೆಲದ ಮೇಲೆ ಕೂತು ಗಾಲಿಯ ಕಡ್ಡಿ ಬಿಗಿಯುತ್ತಿದ್ದಳು. ಸರ್ ಅವಳ ಪಕ್ಕದಲ್ಲಿ ಕೂತು ಏನೇನೋ ಕೇಳಿದರು. ಹೊರಗೆ ಬಂದಾಗ ಸಿಟ್ಟು ಇಳಿದಿತ್ತು. “ಕಚೇರಿಯ ಉಪಕರಣ ಎಲ್ಲ ಇವರಿಗೇ ಬರೆದುಕೊಡೋಣ. ಇವತ್ತೇ ಬರೆಯಿರಿ” ಎಂದರು. ಯಾದಗಿರಿಯಿಂದ ಉಪಕರಣ ಬಂದ ದಿನ, ಗಾಡಿಗಾಗಿ ಮೈಯ ಅಳತೆ ತೆಗೆಯುವ ಮಣೆಯನ್ನು ಟೆಂಪೊದಿಂದ ತಾವೇ ಹೊತ್ತು ತಂದು ಇಳಿಸಿದರು. ಆ ದಿನ ಅವರ ಬಿಳಿ ಅಂಗಿಗೆ ಹತ್ತಿದ ಗ್ರೀಸು ಹೋಗಿರಲಿಕ್ಕಿಲ್ಲ.

ಕಚೇರಿ ಮುಚ್ಚಿದ ವಾರ ಕೊನೆಯ ಸಭೆ ಖಾಜಾಸಾಬರ ಅಂಗಡಿಯ ಮುಂದೆಯೇ ಸೇರಿತು. ನನಗೆ ಶಾಲು ಹೊದಿಸಿದರು. ಭೀಮಬಾಯಿ ತನ್ನ ಗಾಡಿಯನ್ನು ನನ್ನ ಹತ್ತಿರಕ್ಕೆ ತಂದಳು.

“ಅಕ್ಕಾರ, ಇಷ್ಟ ವರ್ಷ ನಿಮ್ಮ ಕೂಡ ಜಗಳಾಡಕೋತ ಬಂದೀನಿ. ಇನ್ ಮ್ಯಾಲ ಯಾರ ಕೂಡ ಆಡ್ಲಿ?”

“ನಾ ಇದ್ದೀನಲ್ಲ” ಎಂದರು ಖಾಜಾಸಾಬರು, ತಲೆ ಎತ್ತದೆ.

ಭೀಮಬಾಯಿ ಗಾಡಿಯನ್ನು ಅವರ ಕಡೆಗೆ ತಿರುಗಿಸಿದಳು. “ಹಂಗಾರ ಕೇಳ್ರಿ. ಸುರಪುರದಿಂದ ಬಂದ ಗಾಡಿ ಎಂಟ ದಿನದಿಂದ ಬ್ರೇಕ್ ಇಲ್ದ ನಿಂತದ. ಯಾಕ?”

“ಬ್ರೇಕಿನ ತಂತಿ ಇಲ್ಲ.”

“ಇಲ್ಲಂತ ನನಗ ಹೇಳೀರೇನು?”

“ನೀ ಕೇಳೀಯೇನು?”

ಸುತ್ತಲಿನವರೂ ಒಬ್ಬೊಬ್ಬರಾಗಿ ಬಾಯಿ ಹಾಕಿದರು. ತಂತಿ ಹುಣಸಗಿಯಲ್ಲಿ ಸಿಗುತ್ತದೆ ಎಂದು ಒಬ್ಬ, ಯಾದಗಿರಿಯದೇ ಗಟ್ಟಿ ಎಂದು ಇನ್ನೊಬ್ಬ. ನನ್ನ ಬಸ್ಸಿನ ಹೊತ್ತಾಗಿತ್ತು. ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಬೀದಿಯ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದೆ. ಭೀಮಬಾಯಿಯ ಕೈ ಗಾಳಿಯಲ್ಲಿ ಆಡುತ್ತಿತ್ತು, ಖಾಜಾಸಾಬರು ತಲೆ ಅಲ್ಲಾಡಿಸುತ್ತಿದ್ದರು. ನಾನು ಹೋದದ್ದನ್ನು ಯಾರೂ ಗಮನಿಸಿರಲಿಲ್ಲ.